ಎರಡು ಸಲ ಬರುವ ಗುರುತು

ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯಲ್ಲಿ ನೆಲಸಿರುವ ನನಗೆ ಹಳೆಯ ಸಂಗಾತಿಗಳು ಎರಡು: ತರ್ಕಸಂಗ್ರಹದ ಒಂದು ಪ್ರತಿ, ಪೆಟ್ರೋಲಿನ ಒಂದು ಅಂಬಾಸಿಡರ್ ಕಾರು. ಉತ್ತರಪಾರಾದಲ್ಲಿ ಈ ಕಾರಿನ ತಯಾರಿಕೆ 2014ರಲ್ಲಿಯೇ ನಿಂತುಹೋಯಿತು. ಆದರೂ ಅದನ್ನು ಬಿಡಲು ಮನಸ್ಸು ಬಾರದು. ಕಳೆದ ವರ್ಷ ಅದು ಹೊಗೆ ಕಾರತೊಡಗಲು, ಎಂಜಿನ್ನನ್ನು ಇಳಿಸಿ, ಬೋರ್ ಮಾಡಿಸಿ, ಹೊಸ ಪಿಸ್ಟನ್ನು ರಿಂಗುಗಳನ್ನು ಹಾಕಿಸಬೇಕಾಯಿತು. ಕೆಲಸವನ್ನು ಕೈಗೊಂಡವನು ನನ್ನ ಹಳೆಯ ಶಿಷ್ಯನೊಬ್ಬನು.

ಮರಳಿ ಜೋಡಿಸುವಾಗ ಕಾಲನಿರ್ಣಯವೇ ಮುಖ್ಯ. ಹೀರುವುದು, ಅದುಮುವುದು, ಉರಿಯುವುದು, ಹೊರದೂಡುವುದು ಎಂಬ ನಾಲ್ಕು ಕ್ರಿಯೆಗಳು ಮುಗಿಯುವಷ್ಟರಲ್ಲಿ ಕ್ರ್ಯಾಂಕು ಎರಡು ಸುತ್ತು, ವಾಲ್ವುಗಳನ್ನು ತೆರೆಯುವ ಕ್ಯಾಮು ಒಂದು ಸುತ್ತು ತಿರುಗುವುವು. ಎರಡರ ಚಕ್ರಗಳ ಮೇಲೂ ಚುಕ್ಕೆಗಳಿವೆ. ಅವು ಎದುರುಬದುರಾಗಿ ನಿಲ್ಲುವಂತೆ ಚೈನನ್ನು ತೊಡಿಸಬೇಕು. ಒಂದು ಹಲ್ಲು ತಪ್ಪಿದರೂ ವಾಲ್ವುಗಳು ಅಕಾಲದಲ್ಲಿ ತೆರೆಯುವುವು. ಇಷ್ಟನ್ನು ಶಿಷ್ಯನು ನಿರ್ದೋಷವಾಗಿ ಮುಗಿಸಿದ್ದನು.

ಉಳಿದುದು ಕಿಡಿಯ ಕಾಲ. ಮೆಕ್ಯಾನಿಕರು ಡೆಲ್ಕೊ ಎನ್ನುವ ಡಿಸ್ಟ್ರಿಬ್ಯೂಟರನ್ನು ತಿರುಗಿಸುವ ದಂಡವನ್ನು ಕೂರಿಸಬೇಕಾಗಿತ್ತು. ಪುಲ್ಲಿಯ ಗುರುತು ತನ್ನ ಸ್ಥಾನಕ್ಕೆ ಬಂದು ನಿಂತಿತ್ತು.

“ಮೇಷ್ಟ್ರೇ, ಪ್ಲಗ್ಗಿನ ತೂತಿಗೆ ಬೆರಳಿಟ್ಟು ಒಂದು ಸಲ ನೋಡಿಬಿಡೋಣ” ಎಂದನು.

“ಗುರುತು ಕೂಡಿರುವಾಗ ಸಂಶಯವೇಕೆ? ಕೂರಿಸು” ಎಂದೆನು.

ಅವನು ಮರುಮಾತಾಡದೆ ಕೂರಿಸಿದನು. ನಾನು ಸ್ಟಾರ್ಟರನ್ನು ಎಳೆದೆನು. ಎಂಜಿನ್ನು ಹೊರಡಲಿಲ್ಲ, ಕಾರ್ಬುರೇಟರಿನ ಬಾಯಿಂದ ಢಂ ಎಂದು ಜ್ವಾಲೆ ಚಿಮ್ಮಿ, ಬಾಗಿ ನೋಡುತ್ತಿದ್ದ ಅವನ ಮುಂಗೈಯನ್ನು ಸುಟ್ಟಿತು. ಅವನು ಕೈಯನ್ನು ನೀರಿನಲ್ಲಿ ಅದ್ದಿಕೊಂಡು ಸುಮ್ಮನೆ ನಿಂತನು.

ಪುಲ್ಲಿಯು ಕ್ರ್ಯಾಂಕಿಗೆ ಸೇರಿದುದು. ಎರಡು ಸುತ್ತಿನಲ್ಲಿ ಅದರ ಗುರುತು ಎರಡು ಸಲ ಬರುವುದು: ಒಮ್ಮೆ ಅದುಮುವಿಕೆಯ ಕೊನೆಗೆ, ಒಮ್ಮೆ ಹೊರದೂಡುವಿಕೆಯ ಕೊನೆಗೆ. ನಾನು ಕಿಡಿ ಕೊಡಿಸಿದುದು ಎರಡನೆಯದರಲ್ಲಿ. ಆಗ ಹೀರುವ ವಾಲ್ವು ತೆರೆಯುತ್ತಿರುವುದು. ಸಾಧ್ಯವು ಇಲ್ಲದ ಎಡೆಯಲ್ಲಿಯೂ ಇರುವ ಹೇತುವನ್ನು ತಾರ್ಕಿಕರು ಸವ್ಯಭಿಚಾರವೆನ್ನುವರು. ಮೂವತ್ತು ವರ್ಷ ಈ ಹೇತ್ವಾಭಾಸವನ್ನು ಪಾಠ ಹೇಳಿದವನು ಪುಲ್ಲಿಯ ಮೇಲೆ ಅದನ್ನು ಕಾಣದೆ ಹೋದೆನು, ಪ್ರತ್ಯಕ್ಷಮಾಡಿಕೊಳ್ಳೋಣವೆಂದವನನ್ನೂ ತಡೆದೆನು.

ಶಿಷ್ಯನು ಪ್ಲಗ್ಗು ಕಳಚಿ, ತೂತಿಗೆ ನನ್ನ ಬೆರಳನ್ನೇ ಇಡಿಸಿ, ಹ್ಯಾಂಡಲನ್ನು ಮೆಲ್ಲನೆ ತಿರುಗಿಸಿದನು. ಒಂದು ಸುತ್ತಿನಲ್ಲಿ ಏನೂ ಇಲ್ಲ. ಮುಂದಿನದರಲ್ಲಿ ಗಾಳಿಯು ಬೆರಳನ್ನು ಹೊರಕ್ಕೆ ನೂಕಿತು. ದಂಡವನ್ನು ಅರ್ಧಸುತ್ತು ತಿರುಗಿಸಿ ಕೂರಿಸಿದ್ದಾಯಿತು. ಉರಿಯುವುದಕ್ಕೂ ಕಾಲ ಬೇಕಾದುದರಿಂದ, ಪಿಸ್ಟನ್ನು ತುದಿ ಮುಟ್ಟುವುದಕ್ಕೆ ತುಸು ಮುಂಚೆಯೇ ಕಿಡಿ ಹಾರಬೇಕು. ಪಾಯಿಂಟು ಬಿಡುವ ಕ್ಷಣಕ್ಕೆ ಹೊತ್ತುವಂತೆ ಒಂದು ಬಲ್ಬನ್ನು ಕಟ್ಟಿ, ಡೆಲ್ಕೊವನ್ನು ಅಷ್ಟಷ್ಟೇ ತಿರುಗಿಸಿ ಬಿಗಿದನು. 1-3-4-2 ಎಂಬ ಕ್ರಮದಲ್ಲಿ ತಂತಿಗಳನ್ನು ನೋಡಿಕೊಂಡನು. ಮೊದಲನೆಯ ಎಳೆತಕ್ಕೇ ಎಂಜಿನ್ನು ಹೊರಟಿತು.

“ನಿನಗೆ ಅನುಮಾನವಿತ್ತಲ್ಲ, ಏಕೆ ಬಿಡಿಸಿ ಹೇಳಲಿಲ್ಲ?” ಎಂದು ಕೇಳಿದೆನು.

“ನೀವು ಹೇಳಿದ ಮೇಲೆ ಎದುರು ಮಾತಾಡೋದು ಹೇಗೆ ಮೇಷ್ಟ್ರೇ?” ಎಂದು ನಕ್ಕನು.

ತರಗತಿಯಲ್ಲಿ ಪಾಠದ ನಡುವೆ ಪ್ರಶ್ನೆ ಕೇಳಿದನೆಂದು ಈ ಹುಡುಗನನ್ನು ನಾನು ಬಾಗಿಲ ಹೊರಗೆ ನಿಲ್ಲಿಸಿದ್ದುಂಟು. ಅಂದು ಕಲಿಸಿದ ಪಾಠವನ್ನು ಅವನು ಮರೆತಿರಲಿಲ್ಲ. ತಪ್ಪಾಯಿತೆಂಬ ಒಂದು ಮಾತಿಗೆ ಆಗ ನನ್ನ ನಾಲಗೆ ಏಳಲಿಲ್ಲ. ಅವನ ಮುಂಗೈಯ ಕಲೆ ಇನ್ನೂ ಮಾಸಿಲ್ಲ. ಈ ಪತ್ರಿಕೆ ಅವನ ಮನೆಗೂ ಹೋಗುವುದು. ಆದುದರಿಂದ ಇಲ್ಲಿ ಬರೆದಿದ್ದೇನೆ.