ತಂತಿ ಕಥಿ, ಭಾಗ 3: ಎರಡು ತಿಂಗಳು

ಫೋಟೋದಾಗ ಇರೋ ಬೆರಳು ನಂದಲ್ಲ. ಕೇಳಿ ತಗೊಂಡಿದ್ದು. ತೋರುಬೆರಳಿನ ತುದಿ ಝೂಮ್ ಮಾಡಿ ನೋಡ್ರಿ, ಬ್ಲೇಡಿನಿಂದ ಗೀಚಿದಂಗ ಕಪ್ಪು ಗೆರಿ ಅದಾವ.

ಹೋದ ಭಾನುವಾರ ಧಾರವಾಡದಾಗ ಒಬ್ಬರ ಮನ್ಯಾಗ ಸಿತಾರ್ ಬೈಠಕ್ ಇತ್ತು. ಜಮಖಾನದ ಮ್ಯಾಲೆ ಮೂವತ್ತು ಮಂದಿ, ಮೈಕ್ ಇಲ್ಲ. ನಾ ಎರಡನೇ ಸಾಲು. ಶುರುವಿಗೆ ಬರೇ ಶ್ರುತಿ ಮಾಡೋದೇ ಹತ್ತು-ಹದಿನೈದು ನಿಮಿಷ. ಒಂದು ಕಿವಿ ತಿರುವೋದು, ಕೇಳೋದು, ಮತ್ತ ತಿರುವೋದು. ‘ಯಾವಾಗ ನುಡಸ್ತಾರಪಾ’ ಅನ್ನಿಸಿತ್ತು. ಆಮೇಲೆ ಯಮನ್ ಆಲಾಪ ಶುರುವಾದಾಗ ಗೊತ್ತಾತು. ಮ್ಯಾಲಿನ ತಂತಿ ಸರಿಯಾದ ಸ್ವರಕ್ಕ ಬಂದ್ರ, ಕೆಳಗಿನ ತರಫ್ ತಂತಿ ಮುಟ್ಟದನೇ ತಾವೇ ಮಿಡೀತಾವ. ಸಣ್ಣ ಖೋಲಿಯಾಗ ಅದು ಚಲೋ ಕೇಳ್ತದ. ನನ್ನ ಇಯರ್‌ಫೋನಿನಾಗ ಎಂದೂ ಕೇಳಿದ್ದಿಲ್ಲ.

ನಮ್ಮ ಗುಡಗೇರಿ ಮಂದಿಗೆ ಸಂಗೀತ ಅಂದ್ರ ಕುಂದಗೋಳ. ರೈಲಿನಾಗ ಸಂಶಿ ದಾಟಿದ್ರ ಬಂತು. ಸವಾಯಿ ಗಂಧರ್ವರು, ಅವರ ಹತ್ರ ಕಲಿಯಾಕ ಬಂದ ಭೀಮಸೇನ ಜೋಶಿ, ಹುಬ್ಬಳ್ಳಿಯಿಂದ ರೈಲು ಹತ್ತಿ ಬರ್ತಿದ್ದ ಗಂಗೂಬಾಯಿ ಹಾನಗಲ್, ಎಲ್ಲಾ ಹಾಡೋರೇ. ತಂತಿಯವರ ಹೆಸರು ಕೇಳಿದ್ರ ನಮ್ಮ ಕ್ಲಾಸಿನಾಗ ಯಾರೂ ಹೇಳಂಗಿಲ್ಲ. (ನಾನೂ ಹೋದ ವರ್ಷದ ತನಕ ಹೇಳ್ತಿದ್ದಿಲ್ಲ.) ಸಿತಾರ್ ರತ್ನ ರಹಿಮತ್ ಖಾನ್ ಧಾರವಾಡಕ್ಕ ಬಂದು ನೆಲೆಸಿದವರು, 1931ರಲ್ಲಿ ಭಾರತೀಯ ಸಂಗೀತ ವಿದ್ಯಾಲಯ ಕಟ್ಟಿದವರು. ಅವರ ಮೊಮ್ಮಗ ಬಾಲೇಖಾನ್ 2007ರಲ್ಲಿ ತೀರಿಕೊಂಡ್ರು. ಆ ಮನೆತನದಾಗ ಸಿತಾರ್ ಇನ್ನೂ ನಿಂತಿಲ್ಲ.

ಆಲಾಪದಾಗ ನಾ ಅವರ ಎಡಗೈ ಬಿಟ್ಟು ಬ್ಯಾರೆ ಏನೂ ನೋಡಲಿಲ್ಲ. ಒಂದೇ ಮೆಟ್ಟಿನ ಮ್ಯಾಲೆ ತಂತಿ ಒತ್ತಿ ಹಿಡಿದು, ಅಡ್ಡ ಎಳೆದು ಎಳೆದು ಮೂರು-ನಾಲ್ಕು ಸ್ವರ ತಗೀತಾರ. ಅದೇ ಮೀಂಡ್. ಹಾಡಿದಂಗ ಕೇಳ್ತದ, ಆದ್ರ ಉಕ್ಕಿನ ತಂತಿ ಬೆರಳಿನಾಗ ಇಳಿಯೋದು ಕಣ್ಣಿಗೆ ಕಾಣ್ತದ. ಮುಖದಾಗ ಮಾತ್ರ ಏನೂ ಇಲ್ಲ, ಸಂತ್ಯಾಗ ಗುರುತಿನವರು ಸಿಕ್ಕಾಗ ಇರೋವಂಥಾ ಸಣ್ಣ ನಗಿ.

ಮುಗಿದ ಮ್ಯಾಲೆ ಫೋಟೋ ಕೇಳಾಕ ಹೋದೆ. ‘ನೀವೂ ನುಡಸ್ತೀರೇನು?’ ಅಂದ್ರು.

‘ಕಲೀತಿದ್ದೆ ಸರ್, ಬಿಟ್ಟೆ.’

‘ಎಷ್ಟು ದಿನ ಕಲಿತ್ರಿ?’

‘ಎರಡು ತಿಂಗಳು.’

ನಕ್ಕರು. ‘ಹಂಗಾರ ಇನ್ನೂ ಶುರುನೇ ಮಾಡಿಲ್ಲ, ಬಿಡೋದು ಎಲ್ಲಿಂದ ಬಂತು?’ ಅಂದು ಚಹಾ ಕುಡಿಯಾಕ ಹೋದ್ರು.

ಈಗ ಖರೇ ಹೇಳ್ತೀನಿ. ನಿಮಗೆಲ್ಲಾ ‘ಕಾಸ್ಟಿಂಗ್ ಬ್ಯಾಕ್ ಉಳೀತು, ಟೈಮ್ ಇಲ್ಲ, ಅದಕ್ಕ ಬಿಟ್ಟೆ’ ಅಂದಿದ್ದೆ. ಸುಳ್ಳು. ಬೆರಳು ನೋಯ್ತಿತ್ತು. ಅನ್ನ ಕಲಸಾಕ ಆಗ್ತಿದ್ದಿಲ್ಲ. ಮತ್ತ ಎರಡು ತಿಂಗಳಾದ್ರೂ ಒಂದು ರೀಲ್‌ಗೆ ಹಾಕುವಷ್ಟೂ ಬರಲಿಲ್ಲ. ಇದೇ ದೊಡ್ಡ ಕಾರಣ ಅಂತ ಬರೆಯಾಕ ನಾಚಿಕಿ ಆಗ್ತದ.

ಆ ಸೆಕೆಂಡ್ ಹ್ಯಾಂಡ್ ಸಿತಾರ್ ತಗೊಂಡಿದ್ದು ಅವ್ವನ ಸಂಘದ ಸಾಲದಾಗ. ಅಕಿ ಇನ್ನೂ ವಾರವಾರ ಕಂತು ಕಟ್ಟಾಕತ್ತ್ಯಾಳ. ಒಂದು ದಿನನೂ ‘ಯಾಕ ನುಡಸವಲ್ಲಿ’ ಅಂತ ಕೇಳಿಲ್ಲ. ತನ್ನ ಹಳೇ ಸೀರ್ಯಾಗ ಸುತ್ತಿ, ಇಲಿ ಕಡೀಬಾರದಂತ ಟ್ರೆಜರಿ ಮ್ಯಾಲೆ ಇಟ್ಟಾಳ.

ನಿನ್ನೆ ರಾತ್ರಿ ಇಳಿಸಿದೆ. ಬಾಜ್ ತಂತಿ ತುಕ್ಕು ಹಿಡಿದು ಶ್ರುತಿ ಮಾಡುವಾಗನೇ ಹರೀತು. ಸಪ್ಪಳಕ್ಕ ಅವ್ವ ಎದ್ದು ಬಂದು ಬಾಗಲದಾಗ ನಿಂತಳು, ಏನೂ ಅನ್ನಲಿಲ್ಲ, ದೀಪ ಹಚ್ಚಿ ಹೋದಳು.

ಹುಬ್ಬಳ್ಳಿಯಾಗ ಸಿತಾರ್ ತಂತಿ ಎಲ್ಲಿ ಸಿಗತಾವ? ಗೊತ್ತಿದ್ದೋರು ಡಿಎಂ ಮಾಡ್ರಿ. ಶನಿವಾರದೊಳಗ ಬೇಕು.