ರೂಪಾಯಿಗೆ ಎಂಟಾಣೆ

ದಿವಾಳಿ ಎಂಬ ಶಬ್ದವನ್ನು ನಮ್ಮ ಯಾದಗಿರಿ ಕಡೆ ಯಾರೂ ಜೋರಾಗಿ ಆಡುವುದಿಲ್ಲ. ಹಿಂದೆ ವ್ಯಾಪಾರದಲ್ಲಿ ಮುಳುಗಿದ ಸಾಹುಕಾರ ಹಾಡುಹಗಲೇ ಅಂಗಡಿಯಲ್ಲಿ ದೀಪ ಹಚ್ಚಿಟ್ಟು ಊರಿಗೆಲ್ಲ ಸಾರುತ್ತಿದ್ದನಂತೆ. ಆ ದೀಪದಿಂದಲೇ ಈ ಶಬ್ದ ಬಂತೆಂದು ಹೇಳುವವರಿದ್ದಾರೆ. ನಿಜವೋ ಕತೆಯೋ, ಅದರಲ್ಲೊಂದು ಧೈರ್ಯವಂತೂ ಇದೆ. ಈಗ ನಾವು “ಕೈ ಎತ್ತಿದ”, “ಪಾಪರ್ ಆದ” ಎಂದು ಪಿಸುಗುಟ್ಟುತ್ತೇವೆ. ಪಾಪರ್ ಎಂದರೆ ಕೋರ್ಟಿನಲ್ಲಿ ಬೇರೆಯೇ ಅರ್ಥವಿತ್ತು: ಕೋರ್ಟ್ ಫೀ ಕಟ್ಟಲು ಗತಿಯಿಲ್ಲದೆ ದಾವೆ ಹೂಡುವವನು. 1976ರ ತಿದ್ದುಪಡಿಯಲ್ಲಿ ಆ ಶಬ್ದವನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯಿಂದಲೇ ತೆಗೆದರು. ನಮ್ಮ ಬಾಯಲ್ಲಿ ಮಾತ್ರ ಅದು ಬೈಗುಳವಾಗಿ ಉಳಿದಿದೆ.

ಆದರೆ ಸಾಲದ ಮನೆಯಲ್ಲಿ ಹೆಚ್ಚು ಸಲ ಕೇಳಿಬರುವ ಮಾತು ಇವು ಯಾವುವೂ ಅಲ್ಲ. “ಮನ್ಯಾಗ ಇಲ್ರಿ, ಊರಿಗಿ ಹೋಗ್ಯಾರ್ರಿ.” ಈ ಮಾತನ್ನು ಆಡುವವಳು ಹೆಂಗಸು. ಸಾಲ ತಂದವರು ಒಳಕೋಣೆಯಲ್ಲಿ ಉಸಿರು ಬಿಗಿಹಿಡಿದು ಕುಳಿತಿರುತ್ತಾರೆ. ಬಾಗಿಲಿಗೆ ಬಂದವರ ಮುಖ ನೋಡಿ ಸುಳ್ಳು ಹೇಳುವ ಪಾಳಿ ಅವಳದು.

ಇದು ಕಾನೂನಿನ ಪುಸ್ತಕದಲ್ಲೂ ಇದೆ ಎಂದರೆ ನಂಬುತ್ತೀರಾ? ಸಾಲ ಕೊಟ್ಟವರ ಕಣ್ಣು ತಪ್ಪಿಸಲು ಮನೆ ಬಿಟ್ಟು ಹೋಗುವುದನ್ನೂ, ಅವರ ಕೈಗೆ ಸಿಗದಂತೆ ಅಡಗಿ ಕೂರುವುದನ್ನೂ 1920ರ ಪ್ರಾಂತೀಯ ದಿವಾಳಿ ಕಾಯ್ದೆ ದಿವಾಳಿಯ ಲಕ್ಷಣವೆಂದೇ ಎಣಿಸುತ್ತದೆ. 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂತು ನಿಜ. ಆದರೆ ಅದರಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗ 2019ರ ಡಿಸೆಂಬರಿನಲ್ಲಿ ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ನಮ್ಮ ಊರುಗಳ ಅಂಗಡಿಕಾರರಿಗೆ, ನೌಕರರಿಗೆ ಹಳೆಯ ಕಾಯ್ದೆಯೇ ಗತಿ. ಐದುನೂರು ರೂಪಾಯಿ ಸಾಲ ತೀರಿಸಲಾರದವನೂ ಕೋರ್ಟಿಗೆ ಅರ್ಜಿ ಕೊಡಬಹುದೆಂದು ಅದು ಹೇಳುತ್ತದೆ. ಕೊಡುವುದು ಯಾವಾಗ ಎಂಬುದೇ ಕಷ್ಟದ ಪ್ರಶ್ನೆ.

ಶಹಾಪುರದಲ್ಲಿ ನಮಗೆ ಬಳಕೆಯ ಒಂದು ಮನೆಯಿತ್ತು. ಅವರದು ಬೀಜ, ಗೊಬ್ಬರ, ಎಣ್ಣೆಯ ಅಂಗಡಿ. ರೈತರು ಹತ್ತಿ ಬಂದ ಮೇಲೆ ಕೊಡುತ್ತೇವೆಂದು ಉದ್ರಿ ಒಯ್ದರು. ಎರಡು ವರ್ಷ ಹತ್ತಿ ಕೈಕೊಟ್ಟಿತು, ಉದ್ರಿ ಖಾತೆಯಲ್ಲೇ ಉಳಿಯಿತು. ಮಾಲು ಕೊಟ್ಟವರಿಗೆ ಕೊಡಲು ಬಡ್ಡಿಗೆ ತಂದರು, ಆ ಬಡ್ಡಿಗೆ ಮತ್ತೊಂದು ಬಡ್ಡಿ. ಮೊದಲು ಆಕೆಯ ಪಾಟ್ಲಿ ಹೋದವು, ಆಮೇಲೆ ಬೋರಮಾಳ ಸರ, ಕೊನೆಗೆ ಆಕೆಯ ಹೆಸರಿನಲ್ಲೇ ಸಂಘದ ಸಾಲ. “ಎಲ್ಲಾ ಮುಗದ ಮ್ಯಾಲ ನೋಡೋಣ” ಎನ್ನುತ್ತಿದ್ದರು ಆಕೆಯ ಯಜಮಾನರು. ಎಲ್ಲ ಮುಗಿದ ಮೇಲೆ ನೋಡಲು ಏನೂ ಇರಲಿಲ್ಲ. ಯಾದಗಿರಿ ಸ್ಟೇಷನ್ನಿನಿಂದ ರಾತ್ರಿ ಗಾಡಿ ಹತ್ತಿ ಮುಂಬಯಿಗೆ ಹೋದರು. ಜಾಮೀನು ನಿಂತಿದ್ದ ಆಕೆಯ ತಮ್ಮನ ಬಾಗಿಲಿಗೆ ಸಾಲ ಬಂತು. ಈಗ ಅಲ್ಲಿ ಅವನ ಹೆಂಡತಿ “ಮನ್ಯಾಗ ಇಲ್ರಿ” ಎನ್ನುತ್ತಾಳೆ.

ಸುರಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಇನ್ನೊಂದು ಮನೆ. ಬಡ್ಡಿ ಕಟ್ಟಲು ಸಾಲ ತರುವ ಮಾತು ಮೊದಲ ಸಲ ಬಂದ ದಿನವೇ ಆ ಮನೆಯಾಕೆ ಮಗಳ ಶಾಲೆಯ ನೋಟುಬುಕ್ಕು ತೆಗೆದು ಕುಳಿತಳು. ಯಾರಿಗೆ ಎಷ್ಟು, ಯಾವ ಬಡ್ಡಿ, ಮನೆಯಲ್ಲಿ ಏನಿದೆ ಎಂದು ಬರೆದಳು. ಎಲ್ಲ ಮಾರಿದರೂ ಸಾಲದ ಅರ್ಧಕ್ಕಿಂತ ತುಸು ಹೆಚ್ಚಷ್ಟೇ ತೀರುವಂತಿತ್ತು. “ಇನ್ನ ಸಾಲ ಬ್ಯಾಡ, ವಕೀಲರ ಹತ್ರ ಹೋಗೋಣು ನಡೀರಿ” ಎಂದಳು.

ಆ ‘ಅರ್ಧ’ದಲ್ಲಿ ಎಷ್ಟು ಅರ್ಥವಿತ್ತೆಂದು ವಕೀಲರು ಹೇಳಿದ ಮೇಲೆ ತಿಳಿಯಿತು. ದಿವಾಳಿಯೆಂದು ಕೋರ್ಟು ತೀರ್ಮಾನಿಸಿದ ಮೇಲೆ ಆಸ್ತಿ ಕೋರ್ಟಿನ ಅಥವಾ ರಿಸೀವರನ ಕೈಗೆ ಹೋಗುತ್ತದೆ. ಅದನ್ನು ಮಾರಿ ಸಾಲ ಕೊಟ್ಟವರಿಗೆ ಹಂಚುತ್ತಾರೆ. ಆಮೇಲೆ ಉಳಿದ ಸಾಲದಿಂದ ಬಿಡುಗಡೆ ಕೇಳಬೇಕು. ಆಸ್ತಿ ರೂಪಾಯಿಗೆ ಐವತ್ತು ಪೈಸೆಯಷ್ಟೂ ಇಲ್ಲದಿದ್ದರೆ, ಅದು ತನ್ನ ತಪ್ಪಿನಿಂದಲ್ಲವೆಂದು ತೋರಿಸದ ಹೊರತು, ಪೂರ್ತಿ ಬಿಡುಗಡೆ ಸಿಗುವುದಿಲ್ಲ. ಅಂದರೆ ಎಂಟಾಣೆ ಉಳಿದಿರುವಾಗ ಹೋದವನಿಗೆ ದಾರಿ ಸಲೀಸು. ಎಲ್ಲ ಕರಗಿಸಿ ಹೋದವನಿಗೆ ಕಠಿಣ.

ತಡಮಾಡಿದಷ್ಟೂ ನಮ್ಮ ಜನ ಮಾಡುವ ಜಾಣತನವೂ ತಿರುಗಿ ಬೀಳುತ್ತದೆ. ಮನೆಯನ್ನು ಹೆಂಡತಿಯ ಹೆಸರಿಗೆ ಬರೆದಿಟ್ಟರೆ, ಬರೆದ ಎರಡು ವರ್ಷದೊಳಗೆ ಸಲ್ಲಿಸಿದ ಅರ್ಜಿಯ ಮೇಲೆ ದಿವಾಳಿಯ ತೀರ್ಮಾನವಾದಲ್ಲಿ ಕೋರ್ಟು ಅದನ್ನು ರದ್ದು ಮಾಡಬಹುದು. ಲೆಕ್ಕದ ಪುಸ್ತಕ ಮುಚ್ಚಿಟ್ಟರೆ ಜೈಲೂ ಆಗಬಹುದು. ಆದರೆ ಅದೇ ಕಾನೂನು ಅಡಿಗೆಯ ಪಾತ್ರೆ, ಉಡುವ ಬಟ್ಟೆ, ಹಾಸಿಗೆ, ಕಸುಬಿನ ಸಲಕರಣೆ, ಧರ್ಮದ ರೂಢಿಯಂತೆ ಹೆಣ್ಣು ಮೈಮೇಲಿಂದ ತೆಗೆಯಬಾರದ ಒಡವೆ ಇವನ್ನು ಮುಟ್ಟುವುದಿಲ್ಲ. ತವರಿನವರು ಕೊಟ್ಟ ಸ್ತ್ರೀಧನ ಆಕೆಯದೇ ಎಂದು ಸುಪ್ರೀಂ ಕೋರ್ಟು 1985ರಲ್ಲೇ ಸ್ಪಷ್ಟಪಡಿಸಿದೆ. ನಾವೇ ತೆಗೆದು ಬಡ್ಡಿಗೆ ಕೊಟ್ಟುಬಿಟ್ಟರೆ ಕಾನೂನು ಏನು ಮಾಡೀತು?

ಇದು ಸುಲಭದ ಮದ್ದೆಂದು ನಾನು ಹೇಳುತ್ತಿಲ್ಲ. ಅಡವಿಟ್ಟ ಮನೆ, ಬಂಗಾರದ ಮೇಲೆ ಸಾಲ ಕೊಟ್ಟವರ ಹಕ್ಕು ಹಾಗೆಯೇ ಇರುತ್ತದೆ. ಸರ್ಕಾರದ ಬಾಕಿ, ಮೋಸದಿಂದ ಮಾಡಿದ ಸಾಲ, ಹೆಂಡತಿ ಮಕ್ಕಳ ಜೀವನಾಂಶ ತಪ್ಪುವುದಿಲ್ಲ. ದಿವಾಳಿಯಾದವರು ಸ್ಥಳೀಯ ಸಂಸ್ಥೆಯ ಚುನಾವಣೆಗೂ ನಿಲ್ಲುವಂತಿಲ್ಲ. ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕು. ಸಾಲ ಸಣ್ಣದಿದ್ದು, ದುಡಿದು ಮೂರು ನಾಲ್ಕು ವರ್ಷದಲ್ಲಿ ತೀರುವಂತಿದ್ದರೆ ಬ್ಯಾಂಕಿನವರೊಡನೆ ಮಾತಾಡಿ, ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಕೊಳ್ಳುವುದೇ ಲೇಸು.

ಹೆದರಿಸುವವರಿಗೂ ಮಿತಿಯುಂಟು. ಹಣದ ಡಿಕ್ರಿಗಾಗಿ ಹೆಂಗಸನ್ನು ಬಂಧಿಸುವಂತಿಲ್ಲ. ಕೊಡಲು ನಿಜವಾಗಿಯೂ ಇಲ್ಲದವನನ್ನು ಬರಿಯ ಬಡತನಕ್ಕಾಗಿ ಜೈಲಿಗೆ ಹಾಕಬಾರದೆಂದು 1980ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ವಾರದ ಕಂತಿನವರು ಬಾಗಿಲಲ್ಲಿ ಕುಳಿತು ಪೀಡಿಸುವುದನ್ನು ತಡೆಯಲು ನಮ್ಮ ರಾಜ್ಯದಲ್ಲಿ 2025ರಲ್ಲಿ ಕಾನೂನೇ ಬಂದಿದೆ. ವಕೀಲರ ಫೀಜಿಗೆ ಹಣವಿಲ್ಲ ಎನ್ನುವವರಿಗೆ ಕಾನೂನು ಸೇವಾ ಪ್ರಾಧಿಕಾರವಿದೆ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಪುಕ್ಕಟೆ ನೆರವು ಸಿಗುತ್ತದೆ.

ಸುರಪುರದ ಆ ಅಂಗಡಿ ಉಳಿಯಲಿಲ್ಲ. ಯಜಮಾನರು ಈಗ ಬೇರೆಯವರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಕೆಲವರು ಹಿಂದಿನಿಂದ ನಗುತ್ತಾರೆ, ನಗಲಿ. ಸಂಜೆ ಹೊತ್ತು ಮುಳುಗುವ ಮೊದಲೇ, ಎಲ್ಲರೂ ನೋಡುವಂತೆ, ಅವರು ಮನೆಗೆ ಬರುತ್ತಾರೆ.

ಮನೆಯ ಸಾಲದ ಲೆಕ್ಕ ಗಂಡಸರದೆಂದು ನಾವು ದೂರ ನಿಲ್ಲುತ್ತೇವೆ. ಆದರೆ ಅದರ ಕೊನೆಯ ಕಂತು ನಮ್ಮ ಕೊರಳಿನಿಂದಲೇ ಹೋಗುತ್ತದೆ. ಹಳೆಯ ಬಡ್ಡಿಗೆ ಹೊಸ ಸಾಲ ಬೇಕಾದಾಗ, ಬಾಗಿಲಲ್ಲಿ ನಿಂತು ಮೊದಲ ಸುಳ್ಳು ಹೇಳಬೇಕಾದಾಗ, ಲೆಕ್ಕದ ಪುಸ್ತಕ ಕೇಳುವ ಹಕ್ಕು ನಮಗಿದೆ. ರೂಪಾಯಿಯಲ್ಲಿ ಎಂಟಾಣೆ ಉಳಿದಿರುವಾಗಲೇ ಕೇಳಬೇಕು.