ಸಸಿಯ ಜೊತೆ ಬರುವ ಅಂಗಮಾರಿ

ತುಮಕೂರಿನಿಂದ ಕೊರಟಗೆರೆ ದಾಟುವವರೆಗೆ ಅಲ್ಲಲ್ಲಿ ಅಡಿಕೆ, ತೆಂಗು. ಮಧುಗಿರಿಯ ಏಕಶಿಲಾ ಬೆಟ್ಟ ಹಿಂದಾಗುತ್ತಲೇ ಹಸಿರು ತೆಳುವಾಗುತ್ತದೆ. ಪಾವಗಡದ ಹೊತ್ತಿಗೆ ಬರೀ ಬಯಲು, ಬಿಸಿಲು. ಒಣಹವೆ ಬಯಸುವ ದಾಳಿಂಬೆಗೆ ಹೇಳಿ ಮಾಡಿಸಿದ ಸೀಮೆ. ‘ಮಧುಗಿರಿ’ ಎಂಬ ದಾಳಿಂಬೆ ತಳಿಯೇ ಉಂಟು. ಈಗ ಹೆಚ್ಚಾಗಿ ಕಾಣುವುದು ಮಾತ್ರ ಮಹಾರಾಷ್ಟ್ರದ ಕೆಂಪು ‘ಭಗವಾ’.

ಪಾವಗಡದ ಹತ್ತಿರ ತೋಟವೊಂದರಲ್ಲಿ ಅಂದು ಚಾಟನಿ. ಕೂಲಿಯವರು ತಂದ ಕತ್ತರಿಗಳನ್ನು ಯಜಮಾನರು ಗೇಟಿನಲ್ಲೇ ಇಸಿದುಕೊಂಡು ತಮ್ಮವನ್ನು ಕೊಟ್ಟರು. ಒಂದು ಗಿಡ ಮುಗಿದೊಡನೆ ಕತ್ತರಿಯನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣಕ್ಕೆ ಅದ್ದಿಯೇ ಮುಂದಿನ ಗಿಡ. ಇಷ್ಟೊಂದು ಮಡಿ ಏಕೆಂದರೆ, ಅವರ ಮೊದಲ ತೋಟವನ್ನು ದುಂಡಾಣು ಅಂಗಮಾರಿ ನುಂಗಿತ್ತು. ‘ಅಗ್ಗಕ್ಕೆ ಸಿಕ್ತು ಅಂತ ಒಂದು ಲಾರಿ ಗೂಟಿ ಸಸಿ ಇಳಿಸ್ಕೊಂಡೆ ಸ್ವಾಮಿ. ಬಂದಾಗ ನಳನಳಿಸ್ತಿದ್ವು. ಮಳೆ ಹಿಡಿದ್ಮೇಲೆ ಬಣ್ಣ ಬಯಲಾಯ್ತು.’ ಎಲೆಯಲ್ಲಿ ಎಣ್ಣೆಯಂಥ ಚುಕ್ಕೆ, ಗೆಣ್ಣಿನಲ್ಲಿ ಕಪ್ಪು, ಕೊನೆಗೆ ಕಾಯಿಯೇ ಬಿರಿಯಿತಂತೆ.

1952ರಲ್ಲಿ ದೆಹಲಿಯಲ್ಲಿ ಕಂಡ ಈ ರೋಗ 1991ರಲ್ಲಿ ಕರ್ನಾಟಕದಲ್ಲೂ ವರದಿಯಾಯಿತು. ಮಳೆಹನಿ ಅದನ್ನು ಗಿಡದಿಂದ ಗಿಡಕ್ಕೆ ಒಯ್ದೀತು. ಜಿಲ್ಲೆ ದಾಟಿಸುವುದು ಸಸಿ, ಅಂದರೆ ನಾವೇ. ಅಂಗಾಂಶ ಕೃಷಿಯ ಸಸಿ ಶುದ್ಧವಾಗಿ ಬರುತ್ತದೆ, ನಿಜ. ಹಾಗೆಂದು ಅದಕ್ಕೆ ರೋಗ ತಟ್ಟದೆಂದಲ್ಲ. ಪಕ್ಕದ ತೋಟದ ಕತ್ತರಿ ಸಾಕು.

ಹಿಂದಿರುಗುವಾಗ ಶಿರಾದಲ್ಲಿ, ಪುಣೆ ಹೆದ್ದಾರಿಯ ಬದಿಗೆ, ಟಾರ್ಪಾಲು ಹೊದ್ದ ಸಸಿ ಲಾರಿಯೊಂದು ನಿಂತಿತ್ತು. ರೋಗ ತಪಾಸಣೆಯ ಚೀಟಿ ಇದೆಯೇ ಎಂದು ಚಾಲಕನನ್ನು ಕೇಳಿದೆ. ‘ಗಿಡಕ್ಕೆಂಥ ಚೀಟಿ ಸಾರ್?’ ಎಂದು ಟೀ ಹೀರಿದ.